ಜೇನುತುಪ್ಪ ತಾಗಿದ್ರೆ ಕೂದಲು ಬೆಳ್ಳಗಾಗುತ್ತಾ? ನಿಮ್ಮ ಪ್ರಶ್ನೆ, ಅಕ್ಕನ ಉತ್ತರ

ಈ ಸಲ ಬಂದಿರೋದ್ರಲ್ಲಿ ಅರ್ಧಕ್ಕರ್ಧ ಜೇನುತುಪ್ಪದ್ದೇ ಪ್ರಶ್ನೆ, ಎಲ್ಲಾ ರೀಲ್ಸ್ ಮಹಿಮೆ ಇರ್ಬೇಕು. ಅದಕ್ಕೇ ಒಟ್ಟಿಗೆ ತಗೊಂಡಿದೀನಿ.

ಪ್ರಶ್ನೆ: ಅಕ್ಕಾ, ನನ್ನ ಕೂದಲು ತುಂಬಾ ಡ್ರೈ, ತುದಿ ಎಲ್ಲಾ ಸೀಳು. ಜೇನುತುಪ್ಪ ಹಚ್ಚೋಣ ಅಂದ್ರೆ ಅಜ್ಜಿ ಬಿಡಲ್ಲ, ತಲೆ ನರೆಯುತ್ತೆ ಅಂತಾರೆ. ನಿಜಾನಾ?
– ಕಾಲೇಜು ವಿದ್ಯಾರ್ಥಿನಿ, ಹಾಸನ

ಉತ್ತರ: ಜೇನು ತಿಂದ ಕೈನ ತಲೆಗೆ ಒರೆಸ್ಕೊಂಡು ಬೈಸ್ಕೊಳ್ದೇ ಇರೋ ಮಕ್ಕಳು ನಮ್ಮ ಕಡೆ ಯಾರಿದಾರೆ ಹೇಳಿ! ಕೂದಲು ನರೆಯೋದು ಬುಡದಲ್ಲಿ ಬಣ್ಣ ಮಾಡೋ ಜೀವಕೋಶಗಳು ಸುಸ್ತಾದಾಗ, ಮೇಲೆ ಹಚ್ಚಿದ ಜೇನಿಗೂ ಅದಕ್ಕೂ ಸಂಬಂಧ ಇಲ್ಲ. ಹಾಗಂತ ಅಜ್ಜಿ ಮಾತನ್ನ ಪೂರ್ತಿ ತಳ್ಳಿಹಾಕೋಕೂ ಆಗಲ್ಲ ನೋಡಿ, ಜೇನಿಗೆ ನೀರು ಸೇರಿದ್ರೆ ಅದರಲ್ಲಿರೋ ಗ್ಲೂಕೋಸ್ ಆಕ್ಸಿಡೇಸ್ ಅನ್ನೋ ಎನ್‌ಜೈಮ್ ಹೈಡ್ರೋಜನ್ ಪೆರಾಕ್ಸೈಡ್ ಮಾಡುತ್ತೆ, ಪಾರ್ಲರಲ್ಲಿ ಬ್ಲೀಚಿಗೆ ಬಳಸೋದೂ ಅದೇ, ಆದ್ರೆ ಜೇನಲ್ಲಿ ಹುಟ್ಟೋದು ತೀರಾ ಚೂರು, ಇಪ್ಪತ್ತು ನಿಮಿಷ ಹಚ್ಚಿದ್ದಕ್ಕೆ ಕಪ್ಪು ಕೂದಲು ಬೆಳ್ಳಗಾಗಲ್ಲ.

ಹಚ್ಚೋವಾಗ ತುಂಬಾ ಜನ ಜೇನನ್ನ ಕೊಬ್ಬರಿ ಎಣ್ಣೆಗೆ ಹಾಕಿ ಕಲಸ್ತಾರೆ. ಎಷ್ಟು ತಿರುಗಿಸಿದ್ರೂ ಅದು ಸೇರಲ್ಲ, ಎಣ್ಣೆ ಮೇಲೆ ನಿಂತು ಜೇನು ಬಟ್ಟಲ ತಳಕ್ಕೆ ಕೂತಿರುತ್ತೆ, ಕೊನೆಗೆ ತಲೆಯ ಒಂದು ಕಡೆ ಬರೀ ಎಣ್ಣೆ, ಇನ್ನೊಂದು ಕಡೆ ಬರೀ ಅಂಟು. ಜೇನು ಕರಗೋದು ನೀರಲ್ಲಿ. ಒಂದು ಚಮಚಕ್ಕೆ ನಾಲ್ಕೈದು ಚಮಚ ಉಗುರುಬೆಚ್ಚಗಿನ ನೀರು ಹಾಕಿ, ಒದ್ದೆ ಕೂದಲಿನ ತುದಿಗಳಿಗೆ ಮಾತ್ರ ಸವರಿ, ಇಪ್ಪತ್ತು ನಿಮಿಷ ಬಿಟ್ಟು ತೊಳೀರಿ. ಜೇನಿನ ಸಕ್ಕರೆ ತೇವ ಹಿಡ್ಕೊಳ್ಳುತ್ತೆ, ಅಷ್ಟೇ ಅದರ ಕೆಲಸ. ಸೀಳಿದ ತುದಿ ಕೂಡಲ್ಲ, ಕತ್ತರಿಸ್ಲೇಬೇಕು.

ಪ್ರಶ್ನೆ: ಮೇಡಂ, ಮೊಡವೆಗೆ ಜೇನು, ನಿಂಬೆರಸ, ಚಕ್ಕೆಪುಡಿ ಹಚ್ತಾ ಇದೀನಿ. ಮುಖ ಉರಿಯುತ್ತೆ. ಉರಿದ್ರೆ ಕೆಲಸ ಮಾಡ್ತಿದೆ ಅಂತನಾ?
– ಓದುಗರು, ದಾವಣಗೆರೆ

ಉತ್ತರ: ಇಲ್ಲಪ್ಪಾ, ಉರಿದ್ರೆ ಚರ್ಮ ಬೇಡ ಅಂತಿದೆ ಅಂತ ಅರ್ಥ. ಇವತ್ತೇ ನಿಲ್ಸಿ. ಚಕ್ಕೆ ಚರ್ಮಕ್ಕೆ ಖಾರ, ನಿಂಬೆರಸ ಹಚ್ಕೊಂಡು ಬಿಸಿಲಿಗೆ ಹೋದ್ರೆ ಸುಟ್ಟ ಹಾಗೆ ಕಲೆ ಬೀಳಬಹುದು, ಹೋಗೋಕೆ ತಿಂಗಳುಗಟ್ಟಲೆ ಬೇಕು. ಬರೀ ಜೇನಾದ್ರೆ ಅಷ್ಟು ತೊಂದ್ರೆ ಇಲ್ಲ, ಆದ್ರೆ ಮೊಡವೆ ವಾಸಿ ಮಾಡುತ್ತೆ ಅನ್ನೋದಕ್ಕೆ ಆಧಾರ ಕಮ್ಮಿ. ನ್ಯೂಜಿಲ್ಯಾಂಡಲ್ಲಿ ಅಲ್ಲಿನ ಕಾನೂಕಾ ಗಿಡದ ಜೇನನ್ನ ಮೊಡವೆಯವರಿಗೆ ಕೊಟ್ಟು ನೋಡಿ 2016ರಲ್ಲಿ ಫಲಿತಾಂಶ ಹಾಕಿದ್ರು, ಬರೀ ಸೋಪು ಬಳಸಿದವರಿಗಿಂತ ಜಾಸ್ತಿ ಗುಣ ಏನೂ ಕಾಣಲಿಲ್ಲ. ಮೊಡವೆ ಗಂಟು ಕಟ್ಟಿ ಕಲೆ ಬೀಳ್ತಿದ್ರೆ ಚರ್ಮದ ಡಾಕ್ಟ್ರ ಹತ್ರ ಹೋಗಿ, ಬಟ್ಟಲು ಚಮಚ ಎಲ್ಲಾ ಬದಿಗಿಡಿ.

ಪ್ರಶ್ನೆ: ತಲೆಹೊಟ್ಟಿಗೆ ಜೇನು ಒಳ್ಳೇದಂತೆ?
– ಗೃಹಿಣಿ, ಹುಬ್ಬಳ್ಳಿ

ಉತ್ತರ: ಇದಕ್ಕೆ ಸ್ವಲ್ಪ ಆಧಾರ ಇದೆ ರೀ. 2001ರ ಒಂದು ಅಧ್ಯಯನದಲ್ಲಿ 30 ಜನಕ್ಕೆ ಬೆಚ್ಚಗಿನ ನೀರು ಸ್ವಲ್ಪ ಬೆರೆಸಿದ ಜೇನನ್ನ ದಿನ ಬಿಟ್ಟು ದಿನ ತಲೆಗೆ ತಿಕ್ಕಿ ಮೂರು ಗಂಟೆ ಬಿಟ್ಟು ತೊಳೆದ್ರು, ತುರಿಕೆ, ಹೊಟ್ಟು ಎರಡೂ ಇಳೀತು, ಬಿಟ್ಟವರಲ್ಲಿ ಹೆಚ್ಚಿನವರಿಗೆ ಮತ್ತೆ ಬಂತು. ಸಣ್ಣ ಅಧ್ಯಯನ ಅದು, ಮೇಲಾಗಿ ಮೂರು ಗಂಟೆ ತಲೆಗೆ ಜೇನು ಮೆತ್ಕೊಂಡು ಕೂರೋಕೆ ಮನೆ ಕೆಲಸ ಬಿಟ್ಟು ಪುರುಸೊತ್ತು ಯಾರಿಗಿದೆ! ಹೊಟ್ಟಿಗೆ ಅಂತಲೇ ಇರೋ ಕೀಟೋಕೊನಜೋಲ್ ಅನ್ನೋ ಔಷಧಿಯ ಶಾಂಪೂ ಐದು ನಿಮಿಷದ ಕೆಲಸ, ಮೊದಲು ಅದನ್ನೇ ನೋಡಿ.

ಪ್ರಶ್ನೆ: ಮಡಿಕೇರಿಯಿಂದ ತಂದ ಜೇನು ಫ್ರಿಜ್ಜಲ್ಲಿ ಸಕ್ಕರೆ ತರ ಗಟ್ಟಿಯಾಗಿದೆ. ಕಲಬೆರಕೆನಾ? ಮುಖಕ್ಕೆ ಹಚ್ಬಹುದಾ?
– ಐಟಿ ಉದ್ಯೋಗಿ, ಬೆಂಗಳೂರು

ಉತ್ತರ: ಗಟ್ಟಿಯಾಗೋದು ಕಲಬೆರಕೆಯ ಗುರುತಲ್ಲ, ಗ್ಲೂಕೋಸ್ ಜಾಸ್ತಿ ಇರೋ ಒಳ್ಳೇ ಜೇನೂ ಹರಳುಗಟ್ಟುತ್ತೆ, ತಂಪಲ್ಲಿ ಇನ್ನೂ ಬೇಗ. ಫ್ರಿಜ್ಜಿಂದ ತೆಗೆದು ಬಿಸಿನೀರಿನ ಪಾತ್ರೆಯಲ್ಲಿ ಬಾಟ್ಲಿ ಇಡಿ, ಒಲೆ ಮೇಲೆ ಕುದಿಸ್ಬೇಡಿ, ಮೊದಲು ಹೇಳಿದ ಆ ಎನ್‌ಜೈಮ್ ಹಾಳಾಗುತ್ತೆ. ನೀರಿನ ಲೋಟಕ್ಕೆ ಹನಿ ಬಿಡೋದು, ಜೇನಲ್ಲಿ ಅದ್ದಿದ ಬೆಂಕಿಕಡ್ಡಿ ಗೀರೋದು, ಈ ಪರೀಕ್ಷೆಗಳನ್ನ ನಂಬ್ಬೇಡಿ, ಸಕ್ಕರೆ ಪಾಕ ಗಟ್ಟಿ ಇದ್ರೆ ಅದೂ ಪಾಸಾಗುತ್ತೆ. 2020ರಲ್ಲಿ ಪರಿಸರದ ಬಗ್ಗೆ ಅಧ್ಯಯನ ಮಾಡೋ ದೆಹಲಿಯ ಸಿಎಸ್‌ಇ ಸಂಸ್ಥೆ 13 ಬ್ರ್ಯಾಂಡ್ ಪರೀಕ್ಷೆ ಮಾಡ್ಸಿದಾಗ ಎಲ್ಲಾ ಪರೀಕ್ಷೆ ದಾಟಿದ್ದು ಮೂರೇ, ಅದೂ ಜರ್ಮನಿಯ ಲ್ಯಾಬಿಗೆ ಕಳಿಸಿ ನೋಡಿದ್ದು.

ಮುಖಕ್ಕೆ ಹಚ್ಚೋ ಮುಂಚೆ ಮೊಣಕೈ ಒಳಭಾಗಕ್ಕೆ ಸವರಿ ಒಂದು ದಿನ ನೋಡಿ. ಜೇನಲ್ಲಿ ಹೂವಿನ ಪರಾಗ ಇರುತ್ತೆ, ಕೆಲವರಿಗೆ ಆಗಲ್ಲ, ಶುದ್ಧ ಜೇನಲ್ಲೂ ಸಹ. ತುರಿಕೆ ದದ್ದು ಬರ್ಲಿಲ್ಲ ಅಂದ್ರೆ ಒದ್ದೆ ಮುಖಕ್ಕೆ ತೆಳ್ಳಗೆ ಹಚ್ಚಿ ಹತ್ತು ನಿಮಿಷಕ್ಕೆ ತೊಳೀರಿ.

ಪ್ರಶ್ನೆ: ಮೂರು ತಿಂಗಳ ಮಗುವಿನ ತುಟಿ ಒಡೆದಿದೆ, ಅತ್ತೆ ಜೇನು ಸವರು ಅಂತಾರೆ.
– ತಾಯಿ, ಮಂಡ್ಯ

ಉತ್ತರ: ಬೇಡ. ತುಟಿಗೆ ಸವರಿದ್ದು ಹೊಟ್ಟೆಗೇ ಹೋಗೋದು. ಒಂದು ವರ್ಷದೊಳಗಿನ ಮಗುವಿಗೆ ಜೇನು ಒಂದು ಹನೀನೂ ಕೊಡಬಾರದು, ಅದರಲ್ಲಿ ಇರಬಹುದಾದ ಬೊಟುಲಿಸಂ ರೋಗಾಣು ಮಗುವಿನ ಕರುಳಲ್ಲಿ ಬೆಳೆದು ಉಸಿರಾಟಕ್ಕೇ ತೊಂದ್ರೆ ಮಾಡಬಹುದು. ತುಟಿಗೆ ಎದೆಹಾಲನ್ನೇ ಒಂದು ಹನಿ ಸವರಿ, ಕಮ್ಮಿಯಾಗ್ದಿದ್ರೆ ಮಕ್ಕಳ ಡಾಕ್ಟ್ರಿಗೆ ತೋರ್ಸಿ. ಅತ್ತೆಯವರಿಗೆ ಇದನ್ನ ನಾನೇ ಹೇಳ್ದೆ ಅನ್ನಿ, ಬೈಗುಳ ಏನಿದ್ರೂ ನನಗಿರ್ಲಿ.