ಪಿಟೀಲಿನ ಪೆಟ್ಟಿಗೆಯಲ್ಲಿ ಏನೇನಿರಬೇಕು?

ಪಿಟೀಲು ಕೊಳ್ಳುವ ಬಗ್ಗೆ ಕಳೆದ ತಿಂಗಳು ಬರೆದ ಮೇಲೆ ಬಂದ ಕಾಗದಗಳಲ್ಲಿ ಅರ್ಧಕ್ಕೂ ಹೆಚ್ಚಿನವು ಅದರ ಪೆಟ್ಟಿಗೆಯನ್ನು ಕುರಿತೇ ಇವೆ. ನನಗೆ ತುಂಬ ಸಂತೋಷವಾಯಿತು. ನಲವತ್ತು ವರ್ಷಗಳಿಂದ ಪಕ್ಕವಾದ್ಯ ನುಡಿಸುತ್ತ, ಮೈಸೂರಿನ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತ ಬಂದವಳು ನಾನು. ಹೊಸದಾಗಿ ಸೇರುವ ಮಗು ಮೊದಲ ದಿನ ನನ್ನ ಮುಂದೆ ಪೆಟ್ಟಿಗೆ ತೆರೆದು, ಒಂದೊಂದೇ ಸಾಮಾನು ತೆಗೆದು ಚಾಪೆಯ ಮೇಲೆ ಇಡಬೇಕು. ಸರಳೆ, ಅಂದರೆ ಮೊದಲ ಸ್ವರಪಾಠ, ಶುರುವಾಗುವುದು ಎರಡನೆಯ ದಿನ.

ನನ್ನ ಮಗಳಿಗೆ ಒಂಬತ್ತು ವರ್ಷ. ಪಿಟೀಲು ಪಾಠಕ್ಕೆ ಸೇರಿಸಿದ್ದೇವೆ. ಅಂಗಡಿಯವರು ಪೆಟ್ಟಿಗೆಯ ಜೊತೆ ಒಂದು ರೋಸಿನ್ ಕೊಟ್ಟು, ಬೇರೇನೂ ಬೇಕಿಲ್ಲ ಎಂದರು. ಹೌದೇ? — ಒಬ್ಬ ತಾಯಿ, ಹಾಸನ

ಅಮ್ಮಾ, ರೋಸಿನ್, ಅಂದರೆ ಕಮಾನಿಗೆ ಉಜ್ಜುವ ಗಟ್ಟಿ ರಾಳದ ತುಂಡು, ಬೇಕೇ ಬೇಕು. ಕಮಾನಿಗೆ ಕಟ್ಟಿರುವುದು ಕುದುರೆಯ ಬಾಲದ ಕೂದಲು. ರೋಸಿನ್ ಸವರದಿದ್ದರೆ ಅದು ತಂತಿಯ ಮೇಲೆ ಜಾರುತ್ತದೆಯೇ ಹೊರತು ನಾದ ಬರುವುದಿಲ್ಲ. ಆದರೆ ಅದೊಂದೇ ಸಾಲದು.

ಮೊದಲು ಬದಲಿ ತಂತಿ. ನನಗೆ ಇಪ್ಪತ್ತೆರಡು ವರ್ಷವಿದ್ದಾಗ ರಾಮನವಮಿಯ ಚಪ್ಪರವೊಂದರಲ್ಲಿ ಹಿರಿಯ ಗಾಯಕರೊಬ್ಬರಿಗೆ ಪಕ್ಕವಾದ್ಯಕ್ಕೆ ಕುಳಿತಿದ್ದೆ. ಒಂದೇ ಸಾಲನ್ನು ಬಗೆಬಗೆಯಾಗಿ ವಿಸ್ತರಿಸಿ ಹಾಡುವ ನೆರವಲ್ ಕಾವೇರುತ್ತಿರುವಾಗ ಮೊದಲನೆಯ ತಂತಿ, ಅಂದರೆ ಪಂಚಮಕ್ಕೆ ಕೂಡಿಸುವ ತೆಳ್ಳನೆಯ ಉಕ್ಕಿನ ತಂತಿ, ಕಡಿದು ಕೆನ್ನೆಗೆ ಬಡಿಯಿತು. ಬದಲಿ ತಂತಿ ಮನೆಯ ಕಪಾಟಿನಲ್ಲಿತ್ತು. ಉಳಿದ ಮೂರರಲ್ಲೇ ನುಡಿಸಿ ಕಚೇರಿ ಮುಗಿಸಿದೆ. ಗಾಯಕರು ಒಂದು ಮಾತೂ ಅನ್ನಲಿಲ್ಲ. ಮೇಲಿನ ಸ್ಥಾಯಿಗೆ ಹೋಗಬಹುದಾದ ಕಡೆಯೆಲ್ಲ ನನಗಾಗಿ ಕೆಳಗೇ ಉಳಿದರು. ಅವರು ಹಾಡದೆ ಬಿಟ್ಟ ಆ ಮೇಲಿನ ಸ್ಥಾಯಿಯ ಸಂಗತಿಗಳನ್ನು ನೆನೆದರೆ ಇವತ್ತಿಗೂ ನನಗೆ ಸಂಕಟವಾಗುತ್ತದೆ. ಲಯವಾದ್ಯದವರು ಮಾತ್ರ ನುಡಿಸುವ ತನಿ ಆವರ್ತನದ ಹೊತ್ತಿಗೆ ಪಿಟೀಲಿನವರಿಗೆ ಹತ್ತು ನಿಮಿಷ ಬಿಡುವು ಸಿಗುತ್ತದೆ. ಪೆಟ್ಟಿಗೆಯಲ್ಲಿ ತಂತಿ ಇದ್ದಿದ್ದರೆ ಕಟ್ಟಿಕೊಳ್ಳಲು ಅಷ್ಟು ಸಾಕಾಗುತ್ತಿತ್ತು.

ಬದಲಿ ತಂತಿ ಎಂದರೆ ಹೊಚ್ಚ ಹೊಸದೇ ಆಗಬೇಕೆಂದಿಲ್ಲ. ಹೊಸ ತಂತಿ ಒಂದೆರಡು ದಿನ ಎಳೆದುಕೊಳ್ಳುತ್ತಲೇ ಇರುತ್ತದೆ, ಶ್ರುತಿ ನಿಲ್ಲುವುದಿಲ್ಲ. ಹಾಗಾಗಿ ತಂತಿ ಬದಲಾಯಿಸುವಾಗ ಇನ್ನೂ ಚೆನ್ನಾಗಿರುವ ಹಳೆಯದನ್ನು ಎಸೆಯದೆ, ಕೈಬಳೆಯಷ್ಟು ಅಗಲಕ್ಕೆ ಸುತ್ತಿ, ಕಾಗದದ ಲಕೋಟೆಯಲ್ಲಿ ಹಾಕಿ, ಮೇಲೆ ಎಷ್ಟನೆಯ ತಂತಿ, ಯಾವ ತಿಂಗಳು ತೆಗೆದದ್ದು ಎಂದು ಬರೆಸಿ. ಅವಸರಕ್ಕೆ ಆಗುವುದು ಅದೇ.

ಎರಡು ಬಟ್ಟೆಗಳು ಇರಲಿ, ಎರಡೂ ಬೇರೆ ಬೇರೆ ಬಣ್ಣದವು. ಸ್ವರವನ್ನು ಜಾರಿಸಿ ತೂಗುವ ಗಮಕ ಕಲಿಯುವ ಹಂತಕ್ಕೆ ಬಂದಾಗ ಗುರುಗಳು ನಿಮ್ಮ ಮಗಳ ಎಡಗೈ ಬೆರಳಿಗೆ ತುಸು ಕೊಬ್ಬರಿ ಎಣ್ಣೆ ಸವರಲು ಹೇಳಬಹುದು. ಕೆಲವರು ಪೌಡರ್ ಹಾಕುತ್ತಾರೆ. ಬೆರಳು ತಂತಿಯ ಮೇಲೆ ತಡೆಯಿಲ್ಲದೆ ಜಾರಬೇಕಲ್ಲ! ಆದರೆ ಆ ಎಣ್ಣೆಯ ಒಂದು ಹನಿ ಕಮಾನಿನ ಕೂದಲಿಗೆ ತಗುಲಿದರೆ ಆ ಜಾಗ ಸತ್ತಂತೆ, ಎಷ್ಟು ರೋಸಿನ್ ತಿಕ್ಕಿದರೂ ಹಿಡಿಯುವುದಿಲ್ಲ. ಆದ್ದರಿಂದ ಎಣ್ಣೆಯ ಡಬ್ಬಿ ಪೆಟ್ಟಿಗೆಯ ಒಂದು ತುದಿಗೆ, ರೋಸಿನ್ ಇನ್ನೊಂದು ತುದಿಗೆ. ಬೆರಳು ಒರೆಸುವ ಬಟ್ಟೆಯಲ್ಲಿ ರೋಸಿನ್ ಪುಡಿ ಒರೆಸಬಾರದು, ಪುಡಿ ಒರೆಸುವ ಬಟ್ಟೆಯಲ್ಲಿ ಬೆರಳು ಒರೆಸಬಾರದು. ನನ್ನ ಶಿಷ್ಯರಲ್ಲಿ ಹಳದಿ ಬಟ್ಟೆ ಎಣ್ಣೆಗೆ, ಬಿಳಿ ಬಟ್ಟೆ ಪುಡಿಗೆ.

ಇನ್ನು ಒಂದು ಗಿಡ್ಡ ಪೆನ್ಸಿಲ್ ಮತ್ತು ಒಂದು ತುಂಡು ಸೀಮೆಸುಣ್ಣ. ಪೆನ್ಸಿಲ್ ಸಾಹಿತ್ಯ ಬರೆದುಕೊಳ್ಳಲು ಹೌದು. ಹೊಸ ತಂತಿ ಕಟ್ಟುವಾಗ ಕುದುರೆಯ (ತಂತಿಗಳನ್ನು ಹೊತ್ತು ನಿಲ್ಲುವ ಮರದ ತುಂಡಿನ) ಮೇಲಿನ ಗೀರಿನಲ್ಲಿ ಅದರ ಸೀಸವನ್ನು ಎರಡು ಸಲ ಎಳೆದರೆ ತಂತಿ ಸಿಕ್ಕಿಕೊಳ್ಳದೆ ನಯವಾಗಿ ಸರಿಯುತ್ತದೆ, ಬೇಗ ಕಡಿಯುವುದಿಲ್ಲ. ಸೀಮೆಸುಣ್ಣ, ತಂತಿ ಬಿಗಿಯುವ ಬಿರಡೆ ಜಾರಿದರೆ ಅದಕ್ಕೆ. ಒಂದು ಉಗುರು ಕತ್ತರಿಯೂ ಇರಲಿ. ಎಡಗೈ ಉಗುರು ಎಳ್ಳಿನಷ್ಟು ಬೆಳೆದರೂ ಸ್ವರಸ್ಥಾನ ತಪ್ಪುತ್ತದೆ.

ನುಡಿಸಿದ ಮೇಲೆ ಕಮಾನಿನ ತಿರುಪನ್ನು ಸಡಿಲಿಸಿಯೇ ಒಳಗಿಡಬೇಕು. ಬಿಗಿಯಾಗಿಯೇ ಬಿಟ್ಟರೆ ಕಡ್ಡಿಯ ಬಾಗು ಹೋಗುತ್ತದೆ, ತಾನಾಗಿ ಮತ್ತೆ ಬರುವುದಿಲ್ಲ. ಪೆಟ್ಟಿಗೆಯನ್ನು ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಐದು ನಿಮಿಷವೂ ಬಿಡಬೇಡಿ. ರೋಸಿನ್ ಕರಗಿ ಮಖಮಲ್ಲಿಗೆ ಅಂಟುತ್ತದೆ. ಅದಕ್ಕಿಂತ ಹೆಚ್ಚಿನ ನಷ್ಟವೆಂದರೆ, ವಾದ್ಯದ ಅಂಚಿನ ಅಂಟು ಬಿಟ್ಟುಕೊಳ್ಳುತ್ತದೆ.

ನಾನು ಮಲ್ಲೇಶ್ವರದಲ್ಲಿ ಆರನೆಯ ತರಗತಿ ಓದುತ್ತಿದ್ದೇನೆ. ಪಿಟೀಲಿನ ಆಕಾರದ ಚೌಡಯ್ಯ ಸಭಾಂಗಣ ನೋಡಿದ್ದೇನೆ. ಚೌಡಯ್ಯನವರ ಪಿಟೀಲಿಗೆ ಏಳು ತಂತಿ ಇತ್ತಂತೆ, ನಿಜವೇ? — ಬೆಂಗಳೂರು

ನಿಜ ಮರಿ. ತಿರುಮಕೂಡಲು ಚೌಡಯ್ಯನವರು (1895–1967) ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಮೈಕು ಇಲ್ಲದ ಕಾಲದಲ್ಲಿ ಹಿಂದಿನ ಸಾಲಿನವರಿಗೂ ಕೇಳಲಿ ಎಂದು ನಾಲ್ಕರ ಜೊತೆ ಇನ್ನೂ ಮೂರು ತಂತಿ ಸೇರಿಸಿದರು. ಈಗ ನೀನೊಂದು ಲೆಕ್ಕ ಮಾಡು. ನಿನ್ನ ಪೆಟ್ಟಿಗೆಯಲ್ಲಿ ನಾಲ್ಕು ಬದಲಿ ತಂತಿ ಇದ್ದರೆ ಸಾಕು, ಅವರಿಗೆ ಎಷ್ಟು ಬೇಕಾಗುತ್ತಿತ್ತು? ಏಳು ಬಿರಡೆ ತಿರುಗಿಸಿ ಶ್ರುತಿ ಕೂಡಿಸಲು ಎಷ್ಟು ತಾಳ್ಮೆ ಬೇಕು! ಮುಂದಿನ ಸಲ ಆ ಕಟ್ಟಡದ ಮುಂದೆ ಹೋದಾಗ ಬಿರಡೆಗಳನ್ನು ಎಣಿಸಿ ನನಗೆ ಬರೆ.

ಮೃದಂಗ ಕಲಿಯುತ್ತಿದ್ದೇನೆ, ಈ ವರ್ಷ ಮೊದಲ ಕಚೇರಿ. ರವೆಯನ್ನು ಮನೆಯಿಂದಲೇ ಒಯ್ಯಬೇಕೇ, ಅಲ್ಲೇ ಸಿಗುತ್ತದೆಯೇ? — ತುಮಕೂರು

ಒಯ್ಯಬೇಕು ತಮ್ಮಾ. ಎಡದ ಮುಖಕ್ಕೆ ಕಲಸಿ ಹಚ್ಚುವ ಆ ರವೆ ಇಲ್ಲದಿದ್ದರೆ ಮೃದಂಗಕ್ಕೆ ತಗ್ಗಿನ ನಾದವೇ ಇಲ್ಲ. ಈ ಪ್ರಶ್ನೆಗೆ ಉತ್ತರ ನನ್ನ ಪಿಟೀಲಿನ ಪೆಟ್ಟಿಗೆಯಲ್ಲೇ ಇದೆ. ಕತ್ತಿನ ಕೆಳಗಿನ ಖಾನೆಯಲ್ಲಿ, ಹಿಂದೆ ಕ್ಯಾಮೆರಾದ ಫಿಲಂ ರೋಲು ಬರುತ್ತಿತ್ತಲ್ಲ, ಅಂಥ ಕಪ್ಪು ಡಬ್ಬಿಯೊಂದಿದೆ. ಅದರ ತುಂಬ ಚಿರೋಟಿ ರವೆ.

ಅದು ಅಲ್ಲಿಗೆ ಬಂದ ಕಥೆ ಹೀಗೆ. ಒಂದು ಊರಿನ ರಥೋತ್ಸವ. ಮೃದಂಗದ ವಿದ್ವಾಂಸರ ಕೈಚೀಲ ಬಸ್ಸಿನಲ್ಲೇ ಉಳಿದುಹೋಗಿತ್ತು, ರವೆ ಅದರೊಳಗೆ. ಗುಡಿಯ ಅಡುಗೆಮನೆಗೆ ಓಡಿದೆವು. ಅಲ್ಲಿದ್ದದ್ದು ಉಪ್ಪಿಟ್ಟಿಗೆ ತಂದಿದ್ದ ಬನ್ಸಿ ರವೆ. ಕಲಸಿ ಎಡದ ಮುಖಕ್ಕೆ ಹಚ್ಚಿದರೆ ಹಿಡಿಯಲೊಲ್ಲದು. ಕಚೇರಿಯ ಮೊದಲಿಗೆ ಹಾಡುವ ವರ್ಣ ಮುಗಿಯುವಷ್ಟರಲ್ಲಿ ತುಣುಕು ತುಣುಕಾಗಿ ಅವರ ಪಂಚೆಯ ಮೇಲೆ ಉದುರಿತು. ಎಡಗಡೆಯ ಗುಂಕಿ, ಅಂದರೆ ಗುಂಯ್ಗುಡುವ ತಗ್ಗಿನ ನಾದ, ಇಲ್ಲದ ಮೃದಂಗ ಬರಿಯ ಹಲಗೆ ಬಡಿದಂತೆ ಕೇಳುತ್ತದೆ. ಅಂಥ ಕೈ, ಅಂಥ ಲೆಕ್ಕಾಚಾರ, ಎಲ್ಲವೂ ಆ ಸಂಜೆ ಜನಕ್ಕೆ ಅರ್ಧವೇ ಮುಟ್ಟಿತು. ಮರುದಿನ ಮೈಸೂರಿಗೆ ಬಂದವಳೇ ಡಬ್ಬಿ ತುಂಬಿಸಿಟ್ಟೆ. ಮೂವತ್ತು ವರ್ಷಗಳಲ್ಲಿ ನಾಲ್ಕು ಸಲ ಅದು ಬೇರೆಯವರ ಕೆಲಸಕ್ಕೆ ಬಂದಿದೆ. ಹುಳು ಬೀಳಬಾರದೆಂದು ಎರಡು ತಿಂಗಳಿಗೊಮ್ಮೆ ಬದಲಾಯಿಸುತ್ತೇನೆ.

ರವೆಯ ಜೊತೆ ಒಂದು ಸಣ್ಣ ನೀರಿನ ಬಾಟಲಿ, ಒಂದು ಒರಟು ಬಟ್ಟೆ, ಶ್ರುತಿ ಮಾಡುವ ಕಲ್ಲು ಮತ್ತು ಮರದ ತುಂಡು ಇರಲಿ. ಚಪಾತಿ ಹಿಟ್ಟಿಗಿಂತ ತುಸು ಮೆತ್ತಗೆ ಕಲಸಿ, ಅಂಟು ಬರುವವರೆಗೆ ನಾದಬೇಕು. ಕಚೇರಿ ಮುಗಿದ ಕೂಡಲೇ ಕೆರೆದು ತೆಗೆದು ಒರೆಸು. ಹಾಗೆಯೇ ಬಿಟ್ಟರೆ ಒಣಗಿ ಚರ್ಮವನ್ನು ಎಳೆಯುತ್ತದೆ, ರಾತ್ರಿ ಇಲಿಗೂ ಆಹ್ವಾನ. ಮೃದಂಗವನ್ನು ಹೋಲುವ ಉತ್ತರಾದಿಯ ಪಖಾವಾಜಿಗೆ ಗೋಧಿ ಹಿಟ್ಟು ಹಚ್ಚುತ್ತಾರೆ. ಅದನ್ನು ಕೇಳಿ ಪ್ರಯೋಗಕ್ಕೆ ಇಳಿಯಬೇಡ, ಮೊದಲ ಕಚೇರಿ ಅದಕ್ಕೆ ಸಮಯವಲ್ಲ.

ನಿನ್ನ ಪಕ್ಕದಲ್ಲಿ ಕೂರುವವರ ಚೀಲವನ್ನೂ ಒಮ್ಮೆ ನೋಡು. ಹಲ್ಲಿಗೆ ಆನಿಸಿ ಬೆರಳಿನಿಂದ ಮೀಟುವ ಪುಟ್ಟ ಕಬ್ಬಿಣದ ವಾದ್ಯ ಮೋರ್ಚಿಂಗು; ಅದನ್ನು ನುಡಿಸುವವರ ಹತ್ತಿರ ಬೇರೆ ಬೇರೆ ಶ್ರುತಿಯ ಹತ್ತು ಹನ್ನೆರಡು ಮೋರ್ಚಿಂಗುಗಳು ಇರುತ್ತವೆ, ಜೊತೆಗೊಂದು ಉಂಡೆ ಜೇನುಮೇಣ. ನಾಲಿಗೆಯಂಥ ಆ ಕಡ್ಡಿಯ ತುದಿಗೆ ಅಕ್ಕಿಕಾಳಿನಷ್ಟು ಮೇಣ ಅಂಟಿಸಿದರೆ ಶ್ರುತಿ ಇಳಿಯುತ್ತದೆ, ಕಿತ್ತರೆ ಏರುತ್ತದೆ. ಅಂಗೈಯಲ್ಲಿ ಹಿಡಿದು ಬಾರಿಸುವ ಪುಟ್ಟ ಚರ್ಮವಾದ್ಯ ಖಂಜಿರದವರು, ಚರ್ಮ ಒದ್ದೆ ಮಾಡಿ ಶ್ರುತಿ ಇಳಿಸಲು ನೀರಿನ ಬಾಟಲಿ ಇಲ್ಲದೆ ವೇದಿಕೆ ಹತ್ತುವುದಿಲ್ಲ.

ಅಮೆರಿಕದಲ್ಲಿರುವ ಮಗಳು ಪಿಟೀಲನ್ನು ವಿಮಾನದಲ್ಲಿ ಒಯ್ಯುತ್ತಾಳೆ. ಎಲ್ಲ ತಂತಿಗಳನ್ನೂ ಬಿಚ್ಚಿಬಿಡಬೇಕೇ? — ಧಾರವಾಡ

ಬೇಡ. ಒಂದು ಸ್ವರದಷ್ಟು ಇಳಿಸಿದರೆ ಸಾಕು. ಪೂರ್ತಿ ಬಿಚ್ಚಿದರೆ ಕುದುರೆ ಬೀಳುತ್ತದೆ, ಒಳಗಿನ ಕಂಬವೂ ಬೀಳಬಹುದು. ವಾದ್ಯವನ್ನು ಕೈಯಲ್ಲೇ ಹಿಡಿದು ಒಳಗೆ ಒಯ್ಯಲಿ. ಇಕ್ಕಳ, ಕತ್ತರಿಗಳನ್ನು ಮಾತ್ರ ಕೆಳಗೆ ಹೋಗುವ ಸಾಮಾನಿನಲ್ಲಿ ಹಾಕಲಿ. ಅಲ್ಲಿನ ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆಯ ಗಾಳಿ ತೀರ ಒಣಗಿರುತ್ತದೆ, ಮರ ಕುಗ್ಗಿ ಬಿರಡೆಗಳು ತಾವಾಗಿಯೇ ಬಿಟ್ಟುಕೊಳ್ಳುತ್ತವೆ. ಪೆಟ್ಟಿಗೆಯೊಳಗೆ ಬೆರಳಷ್ಟು ದೊಡ್ಡ ತೇವಮಾಪಕವೊಂದನ್ನು ಅಂಟಿಸಿಕೊಳ್ಳಲಿ. ತೇವಾಂಶ ಶೇಕಡಾ 40ರಿಂದ 60ರ ನಡುವೆ ಇದ್ದರೆ ಚಿಂತೆಯಿಲ್ಲ. ನಮ್ಮ ಮಂಗಳೂರಿನವರಿಗೆ ಮಳೆಗಾಲದಲ್ಲಿ ಇದರ ತದ್ವಿರುದ್ಧ ಕಷ್ಟ: ಮಖಮಲ್ಲಿಗೆ ಬೂಷ್ಟು ಹಿಡಿಯುತ್ತದೆ. ಅವರು ತೇವ ಹೀರುವ ಸಿಲಿಕಾ ಪೊಟ್ಟಣಗಳನ್ನು ಇಟ್ಟುಕೊಳ್ಳಬೇಕು.

ಪೆಟ್ಟಿಗೆಯಲ್ಲಿ ದೇವರ ಪಟ ಇಡಬಹುದೇ? ಸರಸ್ವತಿ ಪೂಜೆಯ ದಿನ ಪಿಟೀಲಿಗೆ ಅರಿಶಿನ ಕುಂಕುಮ ಹಚ್ಚಬಹುದೇ? — ಮಂಡ್ಯ

ಪಟ ಇಡಿ. ನನ್ನ ಪೆಟ್ಟಿಗೆಯ ಮುಚ್ಚಳದೊಳಗೆ ಶಾರದೆಯ ಪಟವಿದೆ, ಪಕ್ಕದಲ್ಲಿ ನನ್ನ ಗುರುಗಳ ಭಾವಚಿತ್ರ. ಆದರೆ ಅರಿಶಿನ ಕುಂಕುಮವನ್ನು ಪೆಟ್ಟಿಗೆಯ ಹೊರಗೆ ಹಚ್ಚಿ, ವಾದ್ಯಕ್ಕೆ ಬೇಡ. ವಾರ್ನಿಷಿನ ಮೇಲೆ ಬಿದ್ದ ಒದ್ದೆ ಅರಿಶಿನದ ಕಲೆ ಹೋಗುವುದಿಲ್ಲ. ವಾದ್ಯಕ್ಕೆ ಒಂದು ಬಿಡಿ ಹೂವು ಸಾಕು, ಅದನ್ನೂ ಪೆಟ್ಟಿಗೆ ಮುಚ್ಚುವ ಮುಂಚೆ ತೆಗೆಯಿರಿ.

ನಮ್ಮ ಅಜ್ಜ ನಾಟಕ ಕಂಪನಿಗಳಲ್ಲಿ ಪಿಟೀಲು ನುಡಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಹನ್ನೆರಡು ವರ್ಷ ಪೆಟ್ಟಿಗೆ ಅಟ್ಟದಲ್ಲಿತ್ತು. ಈಗ ತೆರೆದರೆ ಕಮಾನಿನ ಕೂದಲು ಯಾರೋ ಕತ್ತರಿಸಿದಂತೆ ತುಂಡಾಗಿದೆ. ಪಿಟೀಲು ಅಲುಗಿಸಿದರೆ ಒಳಗೆ ಏನೋ ಗಡಗಡ ಎನ್ನುತ್ತದೆ. ನಡುವೆ ಕಾಲುವೆ ಬಿದ್ದ ಬೆಲ್ಲದ ತುಂಡಿನಂಥದ್ದೊಂದು ಸಿಕ್ಕಿತು. ಒಂದು ನಶ್ಯದ ಡಬ್ಬಿಯೂ ಇದೆ, ಅದರಲ್ಲಿ ಕಂದು ಬಣ್ಣದ ಹತ್ತಿ. ಅಜ್ಜನಿಗೆ ನಶ್ಯದ ಅಭ್ಯಾಸವಿತ್ತೆಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. — ಸಾಗರ ತಾಲ್ಲೂಕು

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಒಂದೊಂದಾಗಿ ಹೇಳುತ್ತೇನೆ.

ಕೂದಲನ್ನು ಯಾರೂ ಕತ್ತರಿಸಿಲ್ಲ. ಕತ್ತಲಲ್ಲಿ ಮುಚ್ಚಿಟ್ಟ ಪೆಟ್ಟಿಗೆಗೆ ಒಂದು ಬಗೆಯ ಪುಟ್ಟ ದುಂಬಿಯ ಮರಿಹುಳುಗಳು ಸೇರುತ್ತವೆ. ಉಣ್ಣೆ, ರೇಷ್ಮೆ, ಕುದುರೆಕೂದಲು ಅವುಗಳ ಆಹಾರ. ಮಖಮಲ್ಲಿನ ಮೂಲೆಗಳಲ್ಲಿ ಹುಡುಕಿ, ಎಳ್ಳಿನ ಸಿಪ್ಪೆಯಂಥ ಕಂದು ಪೊರೆಗಳು ಸಿಗುತ್ತವೆ. ದಿನವೂ ನುಡಿಸುವವರ ಪೆಟ್ಟಿಗೆಗೆ ಇವು ಬರುವುದು ಅಪರೂಪ. ಪಿಟೀಲು, ಕಮಾನು ಹೊರಗಿಟ್ಟು, ಬರಿಯ ಪೆಟ್ಟಿಗೆಯನ್ನು ವ್ಯಾಕ್ಯೂಮಿನಿಂದ ಚೆನ್ನಾಗಿ ಎಳೆಸಿ, ಎರಡು ದಿನ ಬಾಯಿ ತೆರೆದು ಬಿಸಿಲಿಗಿಡಿ. ಆಮೇಲೆ ನಮ್ಮ ತಾಯಿ ರೇಷ್ಮೆ ಸೀರೆಗಳ ನಡುವೆ ಇಡುತ್ತಿದ್ದಂತೆ ಒಂದು ತುಂಡು ಬಜೆಯನ್ನು ಬಟ್ಟೆಯಲ್ಲಿ ಕಟ್ಟಿ ಇಡಿ. ಕಮಾನಿಗೆ ಹೊಸ ಕೂದಲು ಕಟ್ಟಿಸಬಹುದು, ಕಡ್ಡಿ ನೆಟ್ಟಗಿದ್ದರೆ ಅದು ಅಜ್ಜನ ಕಮಾನೇ ಆಗಿ ಉಳಿಯುತ್ತದೆ.

ಒಳಗೆ ಗಡಗಡ ಎನ್ನುವುದು ಮುಂದಿನ ಹಲಗೆಗೂ ಹಿಂದಿನದಕ್ಕೂ ನಡುವೆ ನಿಲ್ಲುವ ಕಂಬ. ಅದನ್ನು ಅಂಟಿಸಿರುವುದಿಲ್ಲ, ತಂತಿಗಳ ಒತ್ತಡದಿಂದಲೇ ನಿಂತಿರುತ್ತದೆ. ತಂತಿ ಸಡಿಲವಾದಾಗ ಬಿದ್ದಿದೆ. ದಯವಿಟ್ಟು ಕುತೂಹಲಕ್ಕೂ ತಂತಿ ಬಿಗಿಯಬೇಡಿ. ಕಂಬವಿಲ್ಲದೆ ಬಿಗಿದರೆ ಮುಂದಿನ ಹಲಗೆ ಕುಸಿದು ಸೀಳುತ್ತದೆ. ರಿಪೇರಿ ಬಲ್ಲವರು ಅದನ್ನು ಮತ್ತೆ ನಿಲ್ಲಿಸಿಕೊಡುತ್ತಾರೆ.

ಬೆಲ್ಲದ ತುಂಡಿನಂತಿರುವುದು ರೋಸಿನ್. ನಡುವೆ ಒಂದೇ ಕಾಲುವೆ ಬಿದ್ದಿದೆ ಎಂದಿದ್ದೀರಿ. ತಿರುಗಿಸದೆ, ಅದೇ ಜಾಗದಲ್ಲಿ, ಅದೇ ಕಡೆಯಿಂದ ಕಮಾನು ಎಳೆದವರ ಗುರುತು ಅದು. ರಾತ್ರಿಯೆಲ್ಲ ನಾಟಕ, ಪರದೆ ಏಳುವ ಮುಂಚೆ ಅರೆಗತ್ತಲೆಯಲ್ಲಿ ಕೈಗೆ ಸಿಕ್ಕಂತೆ ಹಿಡಿದು ಉಜ್ಜಿರಬೇಕು ಎಂದು ನನ್ನ ಊಹೆ.

ಇನ್ನು ನಶ್ಯದ ಡಬ್ಬಿ. ಆ ಹತ್ತಿಯನ್ನು ಮೂಸಿ ನೋಡಿ. ಹೊಗೆಸೊಪ್ಪಿನ ಘಾಟು ಬರುವುದಿಲ್ಲ, ಕಮಟು ಹಿಡಿದ ಕೊಬ್ಬರಿ ಎಣ್ಣೆಯ ವಾಸನೆ ಬರುತ್ತದೆ. ಬೆರಳಿಗೆ ಸವರುವ ಎಣ್ಣೆ ಅದು. ಖಾಲಿ ನಶ್ಯದ ಡಬ್ಬಿ ಬಿಗಿಯಾಗಿ ಮುಚ್ಚುತ್ತದೆ, ಎಣ್ಣೆ ಸೋರುವುದಿಲ್ಲ, ಹೆಬ್ಬೆರಳಿನಿಂದ ಒತ್ತಿದರೆ ತೆರೆಯುತ್ತದೆ. ನನ್ನ ಗುರುಗಳ ಹತ್ತಿರವೂ ಅಂಥದ್ದೇ ಇತ್ತು, ಅವರೂ ನಶ್ಯ ಮುಟ್ಟಿದವರಲ್ಲ. ಹತ್ತಿಯ ನಡುವೆ ನೋಡಿದರೆ ತೋರುಬೆರಳಿನ ತುದಿ ಒತ್ತಿ ಒತ್ತಿ ಆದ ಗುಳಿ ಇನ್ನೂ ಇರಬಹುದು.

ಆ ಹತ್ತಿಯನ್ನು ಬೇಕಾದರೆ ಕಾಗದದಲ್ಲಿ ಸುತ್ತಿ ಬೇರೆ ಎತ್ತಿಡಿ. ಡಬ್ಬಿಯನ್ನು ಬಿಸಿನೀರು, ಸೀಗೆಪುಡಿಯಲ್ಲಿ ತೊಳೆದು ಒಣಗಿಸಿ. ಮನೆಯಲ್ಲಿ ಎಂಟು ವರ್ಷದ ಹುಡುಗನಿದ್ದಾನೆ, ಪಿಟೀಲು ಮುಟ್ಟಲು ಹಟ ಮಾಡುತ್ತಾನೆ ಎಂದು ಕೊನೆಯಲ್ಲಿ ಬರೆದಿದ್ದೀರಲ್ಲ, ಅಜ್ಜನ ಪಿಟೀಲು ಅವನ ಕೈಗೆ ಈಗ ದೊಡ್ಡದಾಗುತ್ತದೆ. ಅವನಿಗೆ ಅರ್ಧ ಅಳತೆಯದೊಂದು ತನ್ನಿ. ಹೊಸ ಹತ್ತಿ ಹಾಕಿ, ಎರಡು ಹನಿ ಎಣ್ಣೆ ಬಿಟ್ಟು, ಆ ಡಬ್ಬಿಯನ್ನು ಅವನ ಪೆಟ್ಟಿಗೆಯಲ್ಲಿಡಿ. ರೋಸಿನ್ನಿನಿಂದ ದೂರದ ಖಾನೆಯಲ್ಲಿ.