ಗೇಮ್ ಆಡಿಸಿದರೆ ಟೀಮ್ ಸರಿಹೋಗುತ್ತಾ?

ಪ್ರಶ್ನೆ: ಮೇಡಂ, ಪುಣೆಯ ಹಿಂಜವಡಿಯಲ್ಲಿ ಟೀಮ್ ಲೀಡ್ ಆಗಿದ್ದೇನೆ. ಒಟ್ಟು 8 ಜನ. ಇಬ್ಬರು ಒಂದು ವರ್ಷದಿಂದ ಮಾತು ಬಿಟ್ಟಿದ್ದಾರೆ. ಶುಕ್ರವಾರ ಎಲ್ಲರಿಗೂ ವಿಡಿಯೋ ಗೇಮ್ ಆಡಿಸಿದರೆ ಕೆಲಸ 20% ಜಾಸ್ತಿ ಆಗುತ್ತದೆ ಎಂದು ಒಬ್ಬ ತರಬೇತುದಾರರು ಹೇಳುತ್ತಾರೆ. ನಿಜವಾ?

ಉತ್ತರ: ಈ 20% ಹಿಡಿದುಕೊಂಡು ಬಂದ ನಾಲ್ಕನೇ ಪತ್ರ ನಿಮ್ಮದು. ಈ ಸಲ ಪೂರ್ತಿ ಹೇಳಿಬಿಡುತ್ತೇನೆ.

ಲೆಕ್ಕ ಸುಳ್ಳಲ್ಲ. ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದ್ದು. ಗುರುತು ಪರಿಚಯ ಇಲ್ಲದವರನ್ನು ಸೇರಿಸಿ 80 ತಂಡ ಕಟ್ಟಿದರು. ಸುಳಿವು ಓದಿ ಜಾಗ ಹುಡುಕುವ ಕೆಲಸ ಕೊಟ್ಟರು. ಆಮೇಲೆ ಕೆಲವು ತಂಡಗಳು 45 ನಿಮಿಷ ಹೇಲೋ 4 ಅಥವಾ ರಾಕ್ ಬ್ಯಾಂಡ್ ಎಂಬ ವಿಡಿಯೋ ಗೇಮ್ ಆಡಿದವು. ಕೆಲವು ಕೂತು ಗುರಿ ಬಗ್ಗೆ ಚರ್ಚೆ ಮಾಡಿದವು. ಉಳಿದವರು ತಮ್ಮ ಪಾಡಿಗೆ ಓದಿಕೊಂಡರು. ಮತ್ತೆ ಅದೇ ಕೆಲಸ ಕೊಟ್ಟಾಗ ಆಡಿದ ತಂಡಗಳ ಸರಾಸರಿ ಅಂಕ 435ರಿಂದ 520ಕ್ಕೆ ಏರಿತ್ತು, ಅಂದರೆ ಸುಮಾರು 20% ಜಾಸ್ತಿ. ‘ನಾವೆಲ್ಲ ಒಂದು’ ಎಂಬ ಭಾವನೆ ಜಾಸ್ತಿ ಬೆಳೆದದ್ದು ಚರ್ಚೆ ಮಾಡಿದವರಲ್ಲಿ, ಕೆಲಸ ಸುಧಾರಿಸಿದ್ದು ಆಡಿದವರಲ್ಲಿ. ಇದನ್ನು ಯಾವ ತರಬೇತುದಾರರೂ ಹೇಳುವುದಿಲ್ಲ.

ಅಳೆದದ್ದು ಹೊಸಬರ ತಂಡವನ್ನು, ಅದೂ ಆಡಿದ ಬೆನ್ನಲ್ಲೇ. ನಿಮ್ಮವರು ಹೊಸಬರಲ್ಲ, ಅಲ್ವಾ?

ಕಳೆದ ವರ್ಷ ಬಾಣೇರ್‌ನ ಒಂದು ಆಫೀಸಿನಲ್ಲಿ ನಾಲ್ವರು ಹೊಸಬರು ಓವರ್‌ಕುಕ್ಡ್ ಆಡುವುದನ್ನು ಪಕ್ಕದಲ್ಲೇ ಕೂತು ನೋಡಿದೆ. ಅದು ಅಡುಗೆಮನೆಯ ಆಟ. ಮೊದಲು ನಾಲ್ವರೂ ಈರುಳ್ಳಿ ಹೆಚ್ಚುವುದಕ್ಕೇ ನಿಂತರು. ತಟ್ಟೆ ತೊಳೆಯುವವರಿಲ್ಲ. ಒಲೆ ಮೇಲಿನ ಸೂಪಿಗೆ ಬೆಂಕಿ ಹತ್ತಿತು. ಆಗ, ಬೆಳಿಗ್ಗೆಯಿಂದ ತುಟಿ ಬಿಚ್ಚದ ಹುಡುಗಿ, ‘ತಟ್ಟೆ ನಾನು ನೋಡ್ಕೋತೀನಿ, ನೀವು ಒಲೆ ಬಿಟ್ಟು ಕದಲಬೇಡಿ’ ಎಂದಳು. ಉಳಿದವರು ಕೇಳಿದರು. ಯಾರು ಏನು ಮಾಡಬೇಕು ಅಂತ ಬಾಯಿಬಿಟ್ಟು ಹೇಳುವ ರೂಢಿ ಆಯಿತು. ಗೇಮ್ ಕೊಡುವುದು ಇಷ್ಟು. ಹೊಸ ಟೀಮಿಗೆ ಇದು ದೊಡ್ಡದೇ.

ನಿಮ್ಮ ಇಬ್ಬರಲ್ಲಿ ಇರುವುದು ಮುನಿಸು. ಒಬ್ಬೊಬ್ಬರನ್ನೇ ಚಹಾಕ್ಕೆ ಕರೆದು ಕೇಳಿ. ಒಬ್ಬರು ಮಾಡಿದ ಕೆಲಸ ಅಪ್ರೈಸಲ್‌ನಲ್ಲಿ ಇನ್ನೊಬ್ಬರ ಹೆಸರಿಗೆ ಹೋಗಿತ್ತಾ? ನಾನು ನೋಡಿದ ಎಷ್ಟೋ ಜಗಳಗಳ ಬುಡ ಅಲ್ಲೇ ಇತ್ತು. ಅದನ್ನು ಬಗೆಹರಿಸದೆ ಇಬ್ಬರನ್ನೂ ಎದುರುಬದುರು ಕೂರಿಸಿ ಗುಂಡು ಹಾರಿಸುವ ಗೇಮ್ ಆಡಿಸಬೇಡಿ, ದಯವಿಟ್ಟು. ಹೊಸಬರು ಸೇರಿದಾಗ ಆಡಿಸಿ. ಎಲ್ಲರೂ ಒಂದೇ ಪಕ್ಷದಲ್ಲಿರುವ ಆಟ ಇರಲಿ. ಆಫೀಸ್ ಟೈಮಿನಲ್ಲೇ ಇರಲಿ, ಮನೆಗೆ ಹೋಗುವ ಬಸ್ ತಪ್ಪಿಸಿ ಬೇಡ. ಟೀಮಿನ ಕಥೆ ಕೇಳದೆ 20% ಮಾತು ಕೊಡುವವರು ರೋಗ ಕೇಳದೆ ಮಾತ್ರೆ ಕೊಡುವವರಿದ್ದಂತೆ. ಅಂಥವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಪ್ರಶ್ನೆ: ಮಗ ಬಿಜಿಎಂಐ (ಫೋನಿನಲ್ಲಿ ತಂಡ ಕಟ್ಟಿ ಆಡುವ ಗುಂಡು ಹಾರಿಸುವ ಗೇಮ್) ಸ್ಕ್ವಾಡ್ ಲೀಡರ್. ರೆಸ್ಯುಮೆಯಲ್ಲಿ ‘ನಾಯಕತ್ವ’ ಎಂದು ಬರೆಯಬಹುದಾ? (ಡೊಂಬಿವಲಿ)

ಉತ್ತರ: ಬೇಡ. ಸೊಸೈಟಿ ಗಣೇಶೋತ್ಸವದ ಲೆಕ್ಕ ನೋಡಿಕೊಂಡಿದ್ದರೆ ಅದನ್ನು ಬರೆಯಲಿ.

ಪ್ರಶ್ನೆ: ರಾತ್ರಿ 2 ಗಂಟೆವರೆಗೆ ಆಫೀಸಿನವರ ಜೊತೆ ಆಡುತ್ತೇನೆ. ಬಾಂಧವ್ಯ ಬೆಳೆಯುತ್ತದೆ ಅಲ್ವಾ? (ಪಿಂಪ್ರಿ)

ಉತ್ತರ: ನಿದ್ದೆಗೆಟ್ಟವರು ಬೆಳಿಗ್ಗೆ ಒಬ್ಬರ ಮೇಲೊಬ್ಬರು ಸಿಡುಕುತ್ತಾರೆ. ಮಲಗಿ.

ಪ್ರಶ್ನೆ: ಅಂಧೇರಿಯಲ್ಲಿ ಹೋಟೆಲ್ ಇದೆ. ಹುಡುಗರು ಮಧ್ಯಾಹ್ನದ ಬಿಡುವಿನಲ್ಲಿ ಫೋನಿನಲ್ಲಿ ಲುಡೋ ಆಡುತ್ತಾರೆ. ಫೋನ್ ಇಸ್ಕೊಳ್ಳಲಾ?

ಉತ್ತರ: ದುಡ್ಡು ಕಟ್ಟಿ ಆಡುತ್ತಿದ್ದಾರಾ ಅಂತ ಮೊದಲು ಕೇಳಿ. ಹಣ ಕಟ್ಟುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಬರೀ ಲುಡೋ ಆದರೆ ಆ ಬಿಡುವು ಅವರದು. ಸುಮ್ನೆ ಬಿಟ್ಟುಬಿಡಿ.