ಶಿಬಿರದ ಮೇಜು ಬೇಡ, ಮೈದಾನದ ಸುತ್ತು ಸಾಕು

ಕಬಡ್ಡಿ ಪಂದ್ಯಾವಳಿಯ ದಿನ ತಾಲ್ಲೂಕು ಕ್ರೀಡಾಂಗಣದಲ್ಲಿ ಬಿ.ಪಿ., ಶುಗರ್ ತಪಾಸಣೆ ಇಟ್ಟರೂ ನಲವತ್ತು ದಾಟಿದ ಗಂಡಸರು ಆ ಕಡೆ ತಲೆ ಹಾಕಲಿಲ್ಲ, ಮುಂದಿನ ಸಲ ಏನು ಮಾಡಲಿ ಎಂದು ಕೇಳಿದ್ದೀರಿ. ಒಂದು ದಿನದ ಶಿಬಿರದ ಆಸೆಯನ್ನೇ ಬಿಡಿ ಎನ್ನುತ್ತೇನೆ.

ಸ್ಕಾಟ್ಲೆಂಡಿನಲ್ಲೂ ತೂಕ ಇಳಿಸುವ ತರಗತಿ ಎಂದರೆ ಗಂಡಸರು ದೂರ ಸರಿಯುತ್ತಿದ್ದರು. ಅಲ್ಲಿನ 'ಫುಟ್‌ಬಾಲ್ ಫ್ಯಾನ್ಸ್ ಇನ್ ಟ್ರೈನಿಂಗ್' ಕಾರ್ಯಕ್ರಮ ಅವರನ್ನು ಆಸ್ಪತ್ರೆಗೆ ಕರೆಯಲಿಲ್ಲ, ಮೆಚ್ಚಿನ ಕ್ಲಬ್ಬಿನ ಮೈದಾನಕ್ಕೇ ಕರೆಯಿತು. 35ರಿಂದ 65 ವರ್ಷದ, ಹೊಟ್ಟೆ ಬೆಳೆಸಿಕೊಂಡ ಅಭಿಮಾನಿಗಳು. ವಾರಕ್ಕೊಮ್ಮೆ ಒಂದೂವರೆ ಗಂಟೆ, ಹೀಗೆ 12 ವಾರ. ಹೇಳಿಕೊಡುವವರು ವೈದ್ಯರಲ್ಲ, ಕ್ಲಬ್ಬಿನ ತರಬೇತುದಾರರು. ಕೈಗೆ ಹೆಜ್ಜೆ ಎಣಿಸುವ ಪುಟ್ಟ ಯಂತ್ರ ಕೊಟ್ಟು, ವಾರವಾರವೂ ಗುರಿ ಏರಿಸಿದರು. 747 ಮಂದಿಯ ಮೇಲಿನ ಅಧ್ಯಯನ 2014ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು: ವರ್ಷದ ನಂತರ ಇವರು, ಇನ್ನೂ ಸರದಿ ಕಾಯುತ್ತಿದ್ದವರಿಗಿಂತ ಸರಾಸರಿ ಸುಮಾರು 5 ಕಿಲೋ ಹೆಚ್ಚು ಇಳಿಸಿದ್ದರು.

ನಿಮ್ಮ ಕಬಡ್ಡಿ ಕೋಚ್ ಒಪ್ಪಿದರೆ ಅರ್ಧ ಕೆಲಸ ಆದಂತೆ. ಪಂದ್ಯಾವಳಿಯ ದಿನ ಹೆಸರು ಬರೆದುಕೊಳ್ಳಿ, ಹದಿನೈದು ಜನ ಸಿಕ್ಕರೂ ಸಾಕು. ಮೊದಲ ಸಂಜೆ ಬಿ.ಪಿ. ನೋಡಿ, ಏರುಪೇರು ಇದ್ದವರನ್ನು ಮೊದಲು ವೈದ್ಯರ ಬಳಿ ಕಳಿಸಿ. ಉಳಿದವರು ಮೈದಾನಕ್ಕೆ ಎರಡು ಸುತ್ತು ನಡೆಯಲಿ. ಗ್ಯಾಲರಿಯ ಮೆಟ್ಟಿಲು ಮೂರನೇ ವಾರಕ್ಕಿರಲಿ. ತೂಕವನ್ನು ಎಲ್ಲರೆದುರು ಕೂಗಿ ಹೇಳಬೇಡಿ, ಮರುವಾರ ಅರ್ಧ ಜನ ಬರುವುದಿಲ್ಲ. ಗೇಟಿನ ಪಕ್ಕದ ಬಜ್ಜಿ ಗಾಡಿಯವನನ್ನು ಓಡಿಸಲು ಹೋಗಬೇಡಿ, ಪಕ್ಕದಲ್ಲೇ ಮಜ್ಜಿಗೆ, ಕೋಸಂಬರಿ ಮಾರಲು ಒಬ್ಬರಿಗೆ ಜಾಗ ಕೊಡಿ.